ಗಿರಣಿಯಿಂದ ಹಂಚಿನವರೆಗೆ: ಬಳ್ಳಾರಿಯ ಮಕ್ಕಳ ಪಥ್ಯಾಹಾರ ವಿಭಾಗವೊಂದರ ಸೇವೆಯ ಬಗ್ಗೆ

ಬಳ್ಳಾರಿಯ ಖಾಸಗಿ ಮಕ್ಕಳ ಆಸ್ಪತ್ರೆಯೊಂದರಲ್ಲಿ ಪಥ್ಯಾಹಾರ ಚಿಕಿತ್ಸೆಗೆಂದೇ ಒಂದು ಸಣ್ಣ ವಿಭಾಗವಿದೆ. ಸೀಲಿಯಾಕ್ ಕಾಯಿಲೆ ಇರುವ ನಮ್ಮ ಮಗಳಿಗಾಗಿ ಕೊಪ್ಪಳ ಜಿಲ್ಲೆಯ ನಮ್ಮ ಊರಿನಿಂದ ಅಲ್ಲಿಗೆ ಹೋಗಿಬರಲು ಶುರುಮಾಡಿ ವರ್ಷ ದಾಟಿದೆ. ಮಕ್ಕಳ ಆಹಾರಕ್ಕೆ ಸಂಬಂಧಿಸಿದ ಚಿಕಿತ್ಸೆ ನಮ್ಮ ಭಾಗದಲ್ಲಿ ಎಲ್ಲಿ ಸಿಗುತ್ತದೆ, ಅದು ಎಷ್ಟರ ಮಟ್ಟಿಗೆ ನಂಬಲರ್ಹ ಎಂದು ಪರಿಚಿತರು ಮೇಲಿಂದ ಮೇಲೆ ಕೇಳುತ್ತಿರುವುದರಿಂದ, ಕಂಡದ್ದನ್ನು ಕಂಡ ಹಾಗೆ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಅಲ್ಲಿನ ಆಹಾರ ತಜ್ಞೆಯ ಕೆಲಸ ಬಹಳ ಉತ್ತಮವಾದದ್ದು, ನಮ್ಮ ಅಡುಗೆಮನೆಯನ್ನು ತಿಳಿದುಕೊಂಡು ಮಾಡಿದ್ದು. ಆದರೆ ಆ ಕೆಲಸಕ್ಕೆ ಅದೇ ಆಸ್ಪತ್ರೆಯ ಉಳಿದ ವಿಭಾಗಗಳಿಂದ ಸಿಗಬೇಕಾದ ಬೆಂಬಲ ಇನ್ನೂ ಸಿಗುತ್ತಿಲ್ಲ.

ಮೊದಲು ಕಾಯಿಲೆಯ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಸೇವೆಯ ಗುಣಮಟ್ಟವನ್ನು ಅಳೆಯಲು ಅದೇ ಆಧಾರ. ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದಾಗ, ಸೀಲಿಯಾಕ್ ಕಾಯಿಲೆ ಇರುವವರ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಸಣ್ಣಕರುಳಿನ ಮೇಲೆ ತಿರುಗಿ ಬೀಳುತ್ತದೆ. ಕರುಳಿನ ಒಳಗೋಡೆಯಲ್ಲಿ ಹತ್ತಿಯ ಟವೆಲಿನ ಎಳೆಗಳ ಹಾಗೆ ಒತ್ತಾಗಿ ನಿಂತಿರುವ ಸೂಕ್ಷ್ಮ ಅಂಕುರಗಳು ಸವೆದು ಚಪ್ಪಟೆಯಾಗುತ್ತವೆ, ತಿಂದ ಅನ್ನದ ಸಾರ ಮೈಗೆ ಹತ್ತುವುದಿಲ್ಲ. ಕಬ್ಬಿಣದ ಅಂಶವನ್ನು ದೇಹ ಹೆಚ್ಚಾಗಿ ಹೀರಿಕೊಳ್ಳುವುದು ಸಣ್ಣಕರುಳಿನ ಮೊದಲ ಭಾಗದಲ್ಲಿ. ಈ ಕಾಯಿಲೆ ಹೆಚ್ಚಾಗಿ ಹಾಳುಮಾಡುವುದೂ ಅದೇ ಭಾಗವನ್ನು. ಆದ್ದರಿಂದಲೇ ಎಷ್ಟು ಟಾನಿಕ್ ಕುಡಿಸಿದರೂ ಇಳಿಯದ ರಕ್ತಹೀನತೆ, ವಯಸ್ಸಿಗೆ ತಕ್ಕಂತೆ ಏರದ ಎತ್ತರ, ಉಬ್ಬಿದ ಹೊಟ್ಟೆ, ಆಗಾಗ ಭೇದಿ ಇವೆಲ್ಲ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ನಮ್ಮ ಮಗಳಿಗೆ ಇವೆಲ್ಲವೂ ಇದ್ದವು. ಜಂತುಹುಳುವಿನ ಔಷಧಿ, ಕಬ್ಬಿಣದ ಸಿರಪ್, ಹಸಿವಿನ ಟಾನಿಕ್ ಎಂದು ಹಲವು ಕಡೆ ಹಲವು ಚಿಕಿತ್ಸೆಗಳಾದ ಮೇಲೆ ಒಬ್ಬ ಮಕ್ಕಳ ವೈದ್ಯರು ಈ ಕಾಯಿಲೆಯಲ್ಲಿ ರೋಗನಿರೋಧಕ ವ್ಯವಸ್ಥೆ ಹುಟ್ಟಿಸುವ ಟಿಟಿಜಿ ಪ್ರತಿಕಾಯ ರಕ್ತದಲ್ಲಿ ಎಷ್ಟಿದೆ ಎಂಬ ಪರೀಕ್ಷೆ ಮಾಡಿಸಿದರು, ನಂತರ ಎಂಡೋಸ್ಕೋಪಿಯಲ್ಲಿ ಕರುಳಿನ ಚೂರನ್ನು ತೆಗೆದು ಪರೀಕ್ಷಿಸಿದಾಗ ಕಾಯಿಲೆ ಖಚಿತವಾಯಿತು.

ವೈದ್ಯರಿಗೆ ಇದು ಬೇಗ ಹೊಳೆಯದಿರಲು ಕಾರಣವಿದೆ. ದೇಶದ ಬೇರೆಬೇರೆ ಭಾಗಗಳ ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉತ್ತರ ಭಾರತದಲ್ಲಿ ಈ ಕಾಯಿಲೆಯ ಪ್ರಮಾಣ ಶೇ 1.23ರಷ್ಟು ಕಂಡುಬಂದರೆ, ದಕ್ಷಿಣದಲ್ಲಿ ಶೇ 0.10ರಷ್ಟು ಮಾತ್ರ ಕಂಡುಬಂದಿತ್ತು. ಅನ್ನ, ಜೋಳ, ರಾಗಿ ಉಣ್ಣುವ ಸೀಮೆಯಲ್ಲಿ ಗೋಧಿಯ ಕಾಯಿಲೆ ಯಾರ ನೆನಪಿಗೂ ಬರುವುದಿಲ್ಲ. ಆದರೆ ಸಾವಿರದಲ್ಲಿ ಒಬ್ಬರೆಂದರೂ ಕೊಪ್ಪಳ, ರಾಯಚೂರು, ಬಳ್ಳಾರಿಯಂಥ ಜಿಲ್ಲೆಗಳಲ್ಲಿ ಅದು ಸಣ್ಣ ಸಂಖ್ಯೆಯಲ್ಲ. ಅಲ್ಲದೆ ಚಪಾತಿ, ಬ್ರೆಡ್ಡು, ಬಿಸ್ಕತ್ತು, ನೂಡಲ್ಸು ಈಗ ನಮ್ಮ ಹಳ್ಳಿಗಳಲ್ಲೂ ಮಕ್ಕಳ ನಿತ್ಯದ ಆಹಾರವೇ ಆಗಿಬಿಟ್ಟಿವೆ.

ಈ ಕಾಯಿಲೆಗೆ ಗುಳಿಗೆ ಇಲ್ಲ, ಶಸ್ತ್ರಚಿಕಿತ್ಸೆ ಇಲ್ಲ. 1888ರಲ್ಲಿ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಜೀ ಇದನ್ನು ವಿವರಿಸುವಾಗಲೇ, ವಾಸಿಯಾಗುವುದಿದ್ದರೆ ಆಹಾರದಿಂದಲೇ ಆಗಬೇಕು ಎಂಬ ನಿಲುವಿಗೆ ಬಂದಿದ್ದರು. ಯಾವ ಆಹಾರ ಎಂಬುದನ್ನು ತೋರಿಸಿಕೊಟ್ಟವರು ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕ್ಕೆ. ಗೋಧಿಯನ್ನು ತೆಗೆದರೆ ಮಕ್ಕಳು ಚೇತರಿಸಿಕೊಳ್ಳುತ್ತಾರೆ, ಮತ್ತೆ ಕೊಟ್ಟರೆ ಕಾಯಿಲೆ ಮರುಕಳಿಸುತ್ತದೆ ಎಂಬುದನ್ನು ಅವರು 1950ರ ತಮ್ಮ ಪ್ರಬಂಧದಲ್ಲಿ ದಾಖಲಿಸಿದರು. ಅಂದಿನಿಂದ ಇಂದಿನವರೆಗೂ ಜೀವನಪರ್ಯಂತ ಗ್ಲುಟೆನ್ ಇಲ್ಲದ ಪಥ್ಯವೇ ಇದಕ್ಕಿರುವ ಚಿಕಿತ್ಸೆ. ಹೀಗಾಗಿ ಇಲ್ಲಿ ಆಹಾರ ತಜ್ಞರು ವೈದ್ಯರ ಪಕ್ಕದಲ್ಲಿ ಕುಳಿತು ಒಂದೆರಡು ಸಲಹೆ ಕೊಟ್ಟು ಕಳುಹಿಸುವವರಲ್ಲ, ಚಿಕಿತ್ಸೆಯ ಪೂರ್ತಿ ಭಾರ ಅವರ ಮೇಲೆಯೇ ಇರುತ್ತದೆ. ಅವರು ಸರಿಯಾಗಿ ಹೇಳದಿದ್ದರೆ ಅಥವಾ ನಮಗೆ ಸರಿಯಾಗಿ ತಿಳಿಯದಿದ್ದರೆ ಮಗುವಿಗೆ ಚಿಕಿತ್ಸೆಯೇ ಆಗಲಿಲ್ಲ ಎಂದರ್ಥ.

ಮೊದಲ ಭೇಟಿಗೆ ಬರುವ ಮುನ್ನ ಮೂರು ದಿನ ಮಗು ತಿಂದದ್ದನ್ನೆಲ್ಲ ಬರೆದು ತರಬೇಕೆಂದು ವಿಭಾಗದವರು ಫೋನಿನಲ್ಲಿಯೇ ತಿಳಿಸಿದ್ದರು: ಎರಡು ಶಾಲೆಯ ದಿನ, ಒಂದು ರಜೆಯ ದಿನ, ನಡುನಡುವೆ ಬಾಯಿಗೆ ಹಾಕಿಕೊಂಡದ್ದನ್ನೂ ಬಿಡದೆ. ಅಲ್ಲಿ ತೂಕ ಮತ್ತು ಎತ್ತರವನ್ನು ಬೂಟು, ಸ್ವೆಟರ್ ಬಿಚ್ಚಿಸಿ, ಎರಡೆರಡು ಸಲ ಅಳೆದು, ಬೆಳವಣಿಗೆಯ ನಕ್ಷೆಯಲ್ಲಿ ಗುರುತಿಸಿ, ಆ ಗೆರೆಗಳ ಅರ್ಥವೇನೆಂದು ನಮಗೂ ತಿಳಿಯುವಂತೆ ಹೇಳಿದರು. ಹಳೆಯ ಲಸಿಕೆ ಕಾರ್ಡಿನಲ್ಲಿದ್ದ ತೂಕಗಳನ್ನೂ ಅದೇ ನಕ್ಷೆಗೆ ಇಳಿಸಿದಾಗ, ಮಗಳ ಬೆಳವಣಿಗೆ ಯಾವ ವಯಸ್ಸಿನಲ್ಲಿ ಕುಂಠಿತವಾಯಿತೆಂಬುದು ಕಣ್ಣಿಗೆ ಕಟ್ಟಿದಂತೆ ಕಂಡಿತು. ಅಲ್ಲಿಯವರೆಗೆ ಮಗು ತಿನ್ನುವುದಿಲ್ಲ, ಅದಕ್ಕೇ ಬೆಳೆಯುತ್ತಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು; ತಿಂದದ್ದು ಹತ್ತದೆ ಹೋಗಿತ್ತು ಎಂದು ಅಂದು ಮೊದಲ ಬಾರಿಗೆ ಯಾರೋ ನಮಗೆ ಸಾಧಾರವಾಗಿ ತೋರಿಸಿದರು. ತಾಯಿಯಾದವಳಿಗೆ ಆ ಮಾತಿನ ಬೆಲೆ ಎಷ್ಟೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಈ ವಿಭಾಗದ ನಿಜವಾದ ಶಕ್ತಿ ಗೊತ್ತಾದದ್ದು ಆಮೇಲೆ. ಗೋಧಿ ಬಿಡಿ, ಜೋಳದ ರೊಟ್ಟಿ ಉಣ್ಣಿರಿ ಎಂದರೆ ನಮ್ಮ ಸೀಮೆಯವರಿಗೆ ಇದಕ್ಕಿಂತ ಸುಲಭದ ಪಥ್ಯ ಮತ್ತೊಂದಿಲ್ಲ ಎಂದೇ ನಮ್ಮ ಅತ್ತೆಯವರೂ ನಾವೂ ಅಂದುಕೊಂಡಿದ್ದೆವು. ಜೋಳದಲ್ಲಿ ಗ್ಲುಟೆನ್ ಇಲ್ಲ ಎಂಬುದು ನಿಜವೂ ಹೌದು. ಆಹಾರ ತಜ್ಞೆ ಅತ್ತೆಯವರ ಕಡೆಗೆ ತಿರುಗಿ, ‘ಅಮ್ಮಾ, ಹಿಟ್ಟು ಎಲ್ಲಿ ಬೀಸಿಸ್ತೀರಿ?’ ಎಂದು ಕೇಳಿದರು. ‘ನಮ್ಮ ಓಣ್ಯಾಗಿನ ಗಿರಣ್ಯಾಗ್ರಿ, ಜೋಳ, ಗೋದಿ ಎಲ್ಲಾ ಅಲ್ಲೇ’ ಎಂದರು ಅತ್ತೆ. ಗೋಧಿಗೂ ಜೋಳಕ್ಕೂ ಕಲ್ಲು ಒಂದೆಯೋ ಬೇರೆಯೋ, ನಮ್ಮ ಜೋಳ ಹಾಕುವ ಮುನ್ನ ಯಾರದು ಬೀಸಿರುತ್ತಾರೆ, ಹಿಟ್ಟು ಬೀಳುವ ಬಟ್ಟೆಯ ತೋಳನ್ನು ಎಂದಾದರೂ ಒಗೆಯುತ್ತಾರೆಯೇ ಎಂದು ಅವರು ಒಂದೊಂದಾಗಿ ಕೇಳುತ್ತ ಹೋದರು. ಗೋಧಿ ಹಿಟ್ಟಿನಲ್ಲಿ ಸರಿಸುಮಾರು ಹತ್ತರಲ್ಲಿ ಒಂದು ಪಾಲು ಗ್ಲುಟೆನ್ ಎಂದಿಟ್ಟುಕೊಂಡರೆ, ಅರ್ಧ ಗ್ರಾಂ ಹಿಟ್ಟಿನಲ್ಲಿ ಸುಮಾರು 50 ಮಿಲಿಗ್ರಾಂ ಗ್ಲುಟೆನ್ ಇರುತ್ತದೆ. ದಿನಾ ಅಷ್ಟು ಹೊಟ್ಟೆಗೆ ಹೋದರೂ ಈ ಮಕ್ಕಳ ಕರುಳು ಮಾಯುವುದಿಲ್ಲ. ಗಿರಣಿಯ ಕಲ್ಲಿನ ಸಂದಿಯಲ್ಲಿ, ಡಬ್ಬಿಯ ಮೂಲೆಯಲ್ಲಿ ಉಳಿಯುವ ಗೋಧಿ ಹಿಟ್ಟು ಅದಕ್ಕಿಂತ ಎಷ್ಟೋ ಹೆಚ್ಚು. ಗ್ಲುಟೆನ್ ರಹಿತ ಎಂದು ಮಾರುವ ಆಹಾರದಲ್ಲಿ ಕಿಲೋ ಒಂದಕ್ಕೆ 20 ಮಿಲಿಗ್ರಾಂ ಮೀರಿ ಗ್ಲುಟೆನ್ ಇರಬಾರದೆಂಬ ನಿಯಮ ನಮ್ಮ ದೇಶದಲ್ಲಿದೆ. ನಮ್ಮ ಓಣಿಯ ಗಿರಣಿಯ ಜೋಳದ ಹಿಟ್ಟು ಆ ಅಳತೆಯ ಹತ್ತಿರಕ್ಕೂ ಬರುವಂಥದ್ದಾಗಿರಲಿಲ್ಲ.

ಇದಕ್ಕೆ ಅವರು ಮೂರು ದಾರಿ ಹೇಳಿದರು, ಪ್ರತಿಯೊಂದರ ಖರ್ಚು ಮತ್ತು ಕಷ್ಟವನ್ನೂ ತಿಳಿಸಿದರು. ಜೋಳಕ್ಕೇ ಪ್ರತ್ಯೇಕ ಕಲ್ಲು ಇರುವ ಗಿರಣಿ ಹತ್ತಿರದಲ್ಲಿದ್ದರೆ ಹುಡುಕಿಕೊಳ್ಳುವುದು ಮೊದಲನೆಯದು. ಅಲ್ಲಿಯೂ ಬೆಳಿಗ್ಗೆ ಗಿರಣಿ ಶುರುವಾದ ಕೂಡಲೇ ಹೋಗಿ, ಮೊದಲು ಬರುವ ಒಂದೆರಡು ಸೇರು ಹಿಟ್ಟನ್ನು ಮನೆಯ ಉಳಿದವರಿಗೆ ಇಟ್ಟುಕೊಂಡು, ಅದರ ನಂತರದ್ದನ್ನು ಮಾತ್ರ ಮಗುವಿಗೆ ಬಳಸಬೇಕು. ಮನೆಯಲ್ಲಿಯೇ ಚಿಕ್ಕ ವಿದ್ಯುತ್ ಗಿರಣಿ ಇಟ್ಟುಕೊಂಡು ಗೋಧಿಯನ್ನು ಅದಕ್ಕೆ ಎಂದೂ ಮುಟ್ಟಿಸದಿರುವುದು ಎರಡನೆಯದು. ಮೂರನೆಯದು, ಮನೆಮಂದಿಯೆಲ್ಲ ಗೋಧಿ ಬಿಟ್ಟುಬಿಡುವುದು. ಮೂರನೆಯದನ್ನು ಅವರು ಒತ್ತಾಯಿಸಲಿಲ್ಲ, ಏಕೆಂದರೆ ಮನೆಯವರೆಲ್ಲರ ಮೇಲೆ ಹೇರಿದ ಪಥ್ಯ ಕೆಲವೇ ತಿಂಗಳಲ್ಲಿ ಸಡಿಲವಾಗುತ್ತದೆ ಎಂಬುದು ಅವರ ಅನುಭವ. ನಾವು ಮೊದಲಿನ ದಾರಿಯಿಂದ ಶುರುಮಾಡಿ, ಈಗ ಮನೆಯ ಗಿರಣಿಗೆ ಬಂದಿದ್ದೇವೆ. ಜೋಳವನ್ನು ಆರಿಸುವಾಗ ಗೋಧಿಯ ಕಾಳು ಬೆರೆತಿದೆಯೇ ನೋಡಬೇಕೆಂದೂ ಅವರು ಹೇಳಿದ್ದರು. ಅಂಗಡಿಯಿಂದ ತಂದ ಜೋಳವನ್ನು ಮೊರದಲ್ಲಿ ಹರಡಿ ನೋಡಿದಾಗ ಅಲ್ಲೊಂದು ಇಲ್ಲೊಂದು ಗೋಧಿ ಕಾಳು ನಿಜಕ್ಕೂ ಸಿಗುತ್ತವೆ.

ರೊಟ್ಟಿ ಮಾಡುವ ಬಗೆಯನ್ನು ಅವರು ಎಷ್ಟು ವಿವರವಾಗಿ ವಿಚಾರಿಸಿದರೆಂದರೆ, ಅತ್ತೆಯವರ ಮುಖದಲ್ಲಿದ್ದ ಬಿಗುವು ಅಲ್ಲಿಯೇ ಸಡಿಲಿತು. ಎಸರು ಹಾಕಿ ನಾದುವಾಗ ಹಿಟ್ಟು ಹರಿಯಬಾರದೆಂದು ಹೊಸದಾಗಿ ಕಲಿಯುವವರು ಒಂದು ಹಿಡಿ ಗೋಧಿ ಹಿಟ್ಟು ಬೆರೆಸುವುದುಂಟು, ನಿಮ್ಮಲ್ಲಿ ಯಾರಾದರೂ ಹಾಗೆ ಮಾಡುತ್ತಾರೆಯೇ ಎಂದು ಕೇಳಿದರು. ಚಪಾತಿಯ ಹಂಚು ಮತ್ತು ರೊಟ್ಟಿಯ ಹಂಚು ಬೇರೆಯಾಗಿರಬೇಕು, ಚಪಾತಿ ಲಟ್ಟಿಸಿದ ಕಟ್ಟಿಗೆಯ ಮಣೆಯ ಮೇಲೆ ರೊಟ್ಟಿ ಬಡಿಯಬಾರದು, ಹಿಟ್ಟಿನ ಜರಡಿ ಎರಡಿರಬೇಕು, ರೊಟ್ಟಿ ಇಡುವ ಬುಟ್ಟಿ ಮತ್ತು ಬಟ್ಟೆ ಮಗುವಿನದೇ ಬೇರೆ ಇರಬೇಕು. ಉಕ್ಕಿನ ಪಾತ್ರೆಗಳನ್ನು ಚೆನ್ನಾಗಿ ತೊಳೆದರೆ ಸಾಕು, ಕಟ್ಟಿಗೆ ಸಾಮಾನು ಮಾತ್ರ ಹೊಸದು ಬೇಕು ಎಂದು ಸ್ಪಷ್ಟವಾಗಿ ಹೇಳಿದ್ದರಿಂದ ನಮಗೆ ಅನಗತ್ಯ ಖರ್ಚು ಉಳಿಯಿತು.

ಇನ್ನು ಇಂಗಿನ ವಿಷಯ. ಅಂಗಡಿಯಲ್ಲಿ ಸಿಗುವ ಪುಡಿ ಇಂಗಿನಲ್ಲಿ ಶುದ್ಧ ಇಂಗು ಸ್ವಲ್ಪವೇ ಇದ್ದು, ಉಳಿದದ್ದು ಅದನ್ನು ಹಿಡಿದಿಡಲು ಸೇರಿಸಿದ ಹಿಟ್ಟು ಮತ್ತು ಗೋಂದು. ಎಷ್ಟೋ ಇಂಗುಗಳಲ್ಲಿ ಆ ಹಿಟ್ಟು ಗೋಧಿಯದು. ಬೇಳೆ ಸಾರು, ಒಗ್ಗರಣೆ, ಉಪ್ಪಿನಕಾಯಿ, ಮಜ್ಜಿಗೆ ಹೀಗೆ ದಿನವೂ ಒಂದಲ್ಲ ಒಂದರಲ್ಲಿ ಇಂಗು ಇದ್ದೇ ಇರುತ್ತದೆ. ನಮಗೆ ಇದನ್ನು ಅದಕ್ಕೂ ಮೊದಲು ಯಾರೂ ಹೇಳಿರಲಿಲ್ಲ. ಪೊಟ್ಟಣದ ಹಿಂಬದಿಯಲ್ಲಿ ಪದಾರ್ಥಗಳ ಪಟ್ಟಿಯನ್ನೂ ಅಲರ್ಜಿಯ ಸೂಚನೆಯನ್ನೂ ಓದುವುದು ಹೇಗೆಂದು ಅವರು ಅಲ್ಲಿಯೇ ಒಂದೆರಡು ಪೊಟ್ಟಣಗಳನ್ನು ಕೈಗೆ ಕೊಟ್ಟು ತೋರಿಸಿದರು. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಮಾರುಕಟ್ಟೆಯಲ್ಲಿದೆ, ಹುಡುಕಿದರೆ ಸಿಗುತ್ತದೆ. ಸಿಗದಿದ್ದರೆ ಬೆಳ್ಳುಳ್ಳಿಯ ಒಗ್ಗರಣೆ ಇದ್ದೇ ಇದೆ. ಒಗ್ಗರಣೆ ಮಂಡಕ್ಕಿಗೆ ಅಡ್ಡಿಯಿಲ್ಲ, ಆದರೆ ಜೊತೆಗೆ ಬರುವ ಮಿರ್ಚಿಗೆ ಅಡ್ಡಿಯಿದೆ: ಹೊರಗಿನ ಮಿರ್ಚಿ ಕಡಲೆ ಹಿಟ್ಟಿನದೇ ಆದರೂ ಅದೇ ಎಣ್ಣೆಯಲ್ಲಿ ಪೂರಿ, ಮೈದಾ ಬೋಂಡಾ ಕರಿದಿರುತ್ತಾರೆ. ಗೋಬಿ ಮಂಚೂರಿಯಲ್ಲಿ ಮೈದಾ ಇರುವುದು ಎಲ್ಲರಿಗೂ ಗೊತ್ತು; ಸೋಯಾ ಸಾಸಿನಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ ಎಂಬುದು ಕಡಿಮೆ ಜನಕ್ಕೆ ಗೊತ್ತು.

ಬಿಡಬೇಕಾದದ್ದನ್ನು ಹೇಳಿ ಮುಗಿಸುವ ಸಲಹೆಗಾರರು ಬೇಕಾದಷ್ಟು ಮಂದಿ ಸಿಗುತ್ತಾರೆ. ಬೆಳೆಯುವ ಮಗುವಿಗೆ ಅದರ ಜಾಗದಲ್ಲಿ ಏನನ್ನು, ಎಷ್ಟು ಕೊಡಬೇಕೆಂದು ಲೆಕ್ಕ ಹಾಕಿಕೊಡುವುದು ಪಥ್ಯಾಹಾರ ಚಿಕಿತ್ಸೆಯ ಅರ್ಧಕ್ಕಿಂತ ಹೆಚ್ಚಿನ ಭಾಗ, ಮತ್ತು ಈ ವಿಭಾಗ ಅದನ್ನು ಶ್ರದ್ಧೆಯಿಂದ ಮಾಡುತ್ತದೆ. ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1,700 ಕಿಲೊ ಕ್ಯಾಲೊರಿ ಶಕ್ತಿ, 15 ಮಿಲಿಗ್ರಾಂ ಕಬ್ಬಿಣ ಬೇಕೆಂಬುದು 2020ರ ರಾಷ್ಟ್ರೀಯ ಮಾರ್ಗಸೂಚಿಯ ಅಳತೆ. ಆ ಅಳತೆಯನ್ನು ಇಟ್ಟುಕೊಂಡು, ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕಗಳ ಆಧಾರದ ಮೇಲೆ ಅವರು ನಮ್ಮದೇ ಧಾನ್ಯಗಳನ್ನು ಹೋಲಿಸಿ ತೋರಿಸಿದರು. ನೂರು ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣವಿದ್ದರೆ ಸಜ್ಜೆಯಲ್ಲಿ 6 ಮಿಲಿಗ್ರಾಂ ಮೀರಿ ಇರುತ್ತದೆ. ರಾಗಿಯಲ್ಲಿ ಸುಣ್ಣದ ಅಂಶ 360 ಮಿಲಿಗ್ರಾಂ ದಾಟುತ್ತದೆ. ಆದ್ದರಿಂದ ವಾರದಲ್ಲಿ ಕೆಲವು ದಿನ ಜೋಳದ ರೊಟ್ಟಿಯ ಜಾಗದಲ್ಲಿ ಸಜ್ಜೆ ರೊಟ್ಟಿ, ಬೆಳಗಿನ ಉಪಾಹಾರಕ್ಕೆ ರವೆ ಉಪ್ಪಿಟ್ಟಿನ ಬದಲು ನವಣೆ ಅಕ್ಕಿಯ ಉಪ್ಪಿಟ್ಟು, ಸಂಜೆಗೆ ರಾಗಿ ಗಂಜಿ ಎಂದು ನಿಗದಿಯಾಯಿತು. ಧಾನ್ಯದಲ್ಲಿರುವ ಕಬ್ಬಿಣ ಅಷ್ಟು ಸುಲಭವಾಗಿ ದೇಹಕ್ಕೆ ದಕ್ಕುವುದಿಲ್ಲ, ಹುಳಿಯ ಜೊತೆ ಉಂಡರೆ ಹೆಚ್ಚು ದಕ್ಕುತ್ತದೆ ಎಂದು ವಿವರಿಸಿ, ಊಟದ ತಟ್ಟೆಯಲ್ಲಿ ನಿಂಬೆಹಣ್ಣಿನ ಹೋಳು ಕಡ್ಡಾಯ ಮಾಡಿದರು, ಊಟದ ಹೊತ್ತಿಗೆ ಚಹಾ ಕೊಡುವುದನ್ನು ನಿಲ್ಲಿಸಿದರು. ತೊಗರಿ ಬೇಳೆ, ಹೆಸರು ಬೇಳೆ, ಮೊಟ್ಟೆ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇವೆಲ್ಲ ಪಟ್ಟಿಯಲ್ಲಿದ್ದವು. ಹೊರದೇಶದ ಹೆಸರಿನ ಒಂದು ಧಾನ್ಯವೂ ಇರಲಿಲ್ಲ. ಗ್ಲುಟೆನ್ ರಹಿತ ಎಂದು ಬರೆದ ದುಬಾರಿ ಬಿಸ್ಕತ್ತುಗಳನ್ನು ಅವರು ಮಾರುವುದೂ ಇಲ್ಲ, ಹುರಿದುಂಬಿಸುವುದೂ ಇಲ್ಲ. ಅವುಗಳಲ್ಲಿ ಹೆಚ್ಚಿನವು ಬರೀ ಪಿಷ್ಟ ಮತ್ತು ಸಕ್ಕರೆ ಎಂಬುದು ಅವರ ನೇರ ಮಾತು.

ಹಾಲಿನ ವಿಷಯದಲ್ಲಿ ಅವರು ತೋರಿದ ವಿವೇಚನೆ ನನಗೆ ವಿಶೇಷವಾಗಿ ಹಿಡಿಸಿತು. ಕರುಳಿನ ಅಂಕುರಗಳು ಸವೆದಾಗ ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವವೂ ಕಡಿಮೆಯಾಗುತ್ತದೆ, ಆದ್ದರಿಂದ ಆರಂಭದಲ್ಲಿ ಹಾಲು ಕುಡಿದರೆ ಮಗುವಿಗೆ ಹೊಟ್ಟೆ ಉಬ್ಬರ. ಹಾಲು ಶಾಶ್ವತವಾಗಿ ನಿಲ್ಲಿಸಿ ಎಂದು ಬೇರೆಡೆ ಹೇಳಿದ್ದರು. ಇಲ್ಲಿ ಕೆಲವು ವಾರಗಳ ಕಾಲ ಮೊಸರು, ಮಜ್ಜಿಗೆಗೆ ಬದಲಿಸಿ, ಕರುಳು ಮಾಯುತ್ತ ಬಂದಂತೆ ಹಾಲನ್ನು ಸ್ವಲ್ಪಸ್ವಲ್ಪವಾಗಿ ಮರಳಿ ತಂದರು. ಈಗ ಮಗಳು ಎರಡು ಹೊತ್ತು ಹಾಲು ಕುಡಿಯುತ್ತಾಳೆ.

ಹಬ್ಬ, ಜಾತ್ರೆಗಳನ್ನೂ ಅವರು ಸಲಹೆಯ ಹೊರಗಿಡಲಿಲ್ಲ. ಯುಗಾದಿಯ ಹೋಳಿಗೆ, ಶ್ರಾವಣದ ಶ್ಯಾವಿಗೆ ಪಾಯಸ, ಮದುವೆಮನೆಯ ಗೋಧಿ ಹುಗ್ಗಿ, ಕರಿಗಡಬು ಎಲ್ಲಕ್ಕೂ ಮೂಲ ಗೋಧಿಯೇ. ಅಕ್ಕಿ ಹಿಟ್ಟಿನ ಹೂರಣದ ಕಡುಬು, ನವಣೆಯ ಹುಗ್ಗಿ, ಶೇಂಗಾ ಉಂಡಿ, ಎಳ್ಳುಂಡಿ ಇವುಗಳಲ್ಲಿ ಮಗುವಿಗೆ ಇಷ್ಟವಾದದ್ದನ್ನು ಮನೆಮಂದಿಗೆಲ್ಲ ಮಾಡಿ, ಅವಳೊಬ್ಬಳಿಗೇ ಬೇರೆ ಎಲೆ ಹಾಕಬೇಡಿ ಎಂದರು. ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಊರೂರಿನಿಂದ ಜೋಳದ ರೊಟ್ಟಿ, ಮಾದಲಿ ಹೋಗುತ್ತವೆ. ಅಲ್ಲಿ ಪ್ರಸಾದ ಬೇಡವೆನ್ನುವುದು ಅತ್ತೆಯವರಿಗೆ ಸಹಿಸಲಾಗದ ಮಾತು. ಅನೇಕ ಮನೆಗಳ ರೊಟ್ಟಿ ಒಂದೆಡೆ ಸೇರುವುದರಿಂದ ಅದು ಮಗುವಿಗೆ ಸುರಕ್ಷಿತವಲ್ಲ, ಮಾದಲಿಯಂತೂ ಗೋಧಿಯದೇ, ಆದ್ದರಿಂದ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಹಿರಿಯರು ಸ್ವೀಕರಿಸಲಿ, ಮಗುವಿಗೆ ಬಾಳೆಹಣ್ಣು, ಕಲ್ಲುಸಕ್ಕರೆ ಕೊಡಿ ಎಂದು ಅತ್ತೆಯವರಿಗೆ ಮೆತ್ತಗೆ ಹೇಳಿ ಒಪ್ಪಿಸಿದವರು ಅವರೇ. ಇದನ್ನು ಸೊಸೆ ಹೇಳಿದ್ದರೆ ಮನೆಯಲ್ಲಿ ಬೇರೆಯೇ ಆಗುತ್ತಿತ್ತು.

ಹೊರಗಿನ ಬೆಂಚಿನ ಮೇಲೆ ಸರದಿಗೆ ಕಾಯುವಾಗ ಬೇರೆ ಮಕ್ಕಳ ತಂದೆತಾಯಂದಿರ ಜೊತೆ ಮಾತಾಗುತ್ತದೆ. ಟೈಪ್ 1 ಮಧುಮೇಹವಿರುವ ಮಗುವಿನ ಮನೆಯವರು ರೊಟ್ಟಿಯ ಹಿಟ್ಟನ್ನು ತಕ್ಕಡಿಯಲ್ಲಿ ತೂಗಿ ಬಡಿಯುವುದನ್ನು ಇಲ್ಲಿಯೇ ಕಲಿತಿದ್ದಾರೆ: 50 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ ಸುಮಾರು 34 ಗ್ರಾಂ ಶರ್ಕರಪಿಷ್ಟ, ಅದಕ್ಕೆ ತಕ್ಕಂತೆ ಇನ್ಸುಲಿನ್. ಮೂತ್ರಪಿಂಡದ ತೊಂದರೆಯಿಂದ ಮೈ ಬಾತಿರುವ ಮಕ್ಕಳಿಗೆ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಎಷ್ಟು ಉಪ್ಪು ಸೇರಿಸುತ್ತವೆ ಎಂಬುದರ ಪಾಠ. ಔಷಧಿಗೆ ಬಗ್ಗದ ಮೂರ್ಛೆರೋಗದ ಮಕ್ಕಳಿಗೆ 1921ರಿಂದ ಬಳಕೆಯಲ್ಲಿರುವ, ಕೊಬ್ಬೇ ಪ್ರಧಾನವಾದ ಕೀಟೋಜೆನಿಕ್ ಪಥ್ಯವನ್ನು ಮಾತ್ರ ಇಲ್ಲಿ ಶುರುಮಾಡುವುದಿಲ್ಲ. ಆಸ್ಪತ್ರೆಯಲ್ಲಿಟ್ಟು ರಕ್ತಪರೀಕ್ಷೆಗಳೊಂದಿಗೆ ಆರಂಭಿಸಬೇಕಾದ ಪಥ್ಯ ಅದಾದ್ದರಿಂದ ಬೆಂಗಳೂರಿಗೆ ಕಳುಹಿಸುತ್ತಾರೆ. ತಮ್ಮ ಮಿತಿಯನ್ನು ತಿಳಿದು ಹಾಗೆ ಕಳುಹಿಸುವುದನ್ನು ನಾನು ಗುಣವೆಂದೇ ಎಣಿಸುತ್ತೇನೆ.

ಈಗ ಕೊರತೆಗಳು. ಎಲ್ಲಕ್ಕಿಂತ ದೊಡ್ಡದು, ಆಹಾರ ತಜ್ಞೆ ಹೇಳಿದ್ದು ಅದೇ ಕಟ್ಟಡದ ಔಷಧಿ ಅಂಗಡಿಯನ್ನು ತಲುಪಿರುವುದಿಲ್ಲ. ಕಬ್ಬಿಣ, ಸತು ಮತ್ತು ವಿಟಮಿನ್ ಡಿ ಔಷಧಿಗಳ ಚೀಟಿ ಹಿಡಿದು ಹೋದಾಗ, ಮಗು ಸಣ್ಣಗಿದೆ ಎಂದು ಕೌಂಟರಿನವರು ತಾವಾಗಿಯೇ ಒಂದು ಮಾಲ್ಟ್ ಪಾನೀಯದ ಡಬ್ಬಿಯನ್ನೂ ಚೀಲಕ್ಕೆ ಹಾಕಿದರು. ಆ ಬಗೆಯ ಪಾನೀಯದ ಮುಖ್ಯ ಪದಾರ್ಥ ಮೊಳಕೆ ಬರಿಸಿದ ಬಾರ್ಲಿ ಮತ್ತು ಗೋಧಿ. ಪದಾರ್ಥಗಳ ಪಟ್ಟಿ ಓದುವುದನ್ನು ಅದೇ ದಿನ ಕಲಿತಿದ್ದರಿಂದ ನಾವು ಅದನ್ನು ಅಲ್ಲಿಯೇ ಹಿಂದಿರುಗಿಸಿದೆವು. ಓದು ಬರದ ತಾಯಿಯೊಬ್ಬಳು ಅದನ್ನು ಮನೆಗೆ ಒಯ್ದು ದಿನಕ್ಕೆರಡು ಸಲ ಕುಡಿಸಿದ್ದರೆ, ಗಿರಣಿಯಿಂದ ಹಂಚಿನವರೆಗೆ ಕಾಪಾಡಿಕೊಂಡದ್ದೆಲ್ಲ ವ್ಯರ್ಥವಾಗುತ್ತಿತ್ತು. ದೂರು ಕೊಟ್ಟಾಗ ಆಹಾರ ತಜ್ಞೆ ಬೇಸರಪಟ್ಟು, ಮಗಳ ಕಡತದ ಹೊರಗೆ ಕೆಂಪು ಅಕ್ಷರದಲ್ಲಿ ಎಚ್ಚರಿಕೆ ಬರೆದುಕೊಟ್ಟರು. ಆದರೆ ಒಬ್ಬರು ಕೈಯಿಂದ ಬರೆದ ಚೀಟಿಯ ಮೇಲೆ ಇಂಥ ಸುರಕ್ಷತೆ ನಿಲ್ಲಬಾರದು. ಆಸ್ಪತ್ರೆಯ ಆಡಳಿತವೇ ಔಷಧಿ ಅಂಗಡಿಗೂ ಕ್ಯಾಂಟೀನಿಗೂ ಅನ್ವಯಿಸುವ ನಿಯಮ ಮಾಡಬೇಕು.

ಎರಡನೆಯದು, ಮುದ್ರಿತ ಮಾಹಿತಿ. ಬಾಯಿಮಾತಿನ ಸಲಹೆ ಅಷ್ಟು ಸೊಗಸಾಗಿದ್ದರೂ ಕೈಗೆ ಕೊಡುವ ಹಾಳೆ ಇಂಗ್ಲಿಷಿನಲ್ಲಿದೆ, ಬೇರೆಲ್ಲಿಯದೋ ನಗರದವರಿಗಾಗಿ ಮಾಡಿದ್ದು. ಅದರಲ್ಲಿ ಓಟ್ಸ್ ಇದೆ, ಬಾದಾಮಿ ಹಿಟ್ಟು ಇದೆ. ಜೋಳ, ನವಣೆ ಇಲ್ಲ. ಓಟ್ಸ್ ಸಾಮಾನ್ಯವಾಗಿ ಗೋಧಿಯೊಂದಿಗೆ ಬೆರೆಕೆಯಾಗಿರುತ್ತದೆ, ಆರಂಭದಲ್ಲಿ ಬೇಡ ಎಂದು ಆಹಾರ ತಜ್ಞೆ ಪೆನ್ನಿನಿಂದ ಹೊಡೆದುಹಾಕಿ, ಅಂಚಿನಲ್ಲಿ ಕನ್ನಡದಲ್ಲಿ ಬರೆದುಕೊಟ್ಟರು. ಆ ಅಂಚಿನ ಬರಹವನ್ನೇ ಅಚ್ಚು ಹಾಕಿಸಿದರೆ ಎಷ್ಟೋ ಮನೆಗಳಿಗೆ ಉಪಕಾರವಾಗುತ್ತದೆ. ರೊಟ್ಟಿ ಬಡಿಯುವವರು ಅಜ್ಜಿಯರು, ಅವರ ಕೈಗೆ ಹೋಗಬೇಕಾದ ಕಾಗದ ಅವರಿಗೆ ಓದಿ ಹೇಳುವಂತಿರಬೇಕು.

ವಿಭಾಗ ವಾರದಲ್ಲಿ ಎರಡೇ ದಿನ ತೆರೆದಿರುವುದರಿಂದ ಜನಸಂದಣಿ ಹೆಚ್ಚು. ಕೊಪ್ಪಳ ಕಡೆಯಿಂದ ಬರುವವರಿಗೆ ಹೊಸಪೇಟೆ, ತೋರಣಗಲ್ಲು ಮಾರ್ಗದ ರೈಲು ಅನುಕೂಲ, ಆದರೆ ಬೆಳಗಿನ ಟೋಕನ್ ಸಿಗದಿದ್ದರೆ ಮರಳುವಾಗ ರಾತ್ರಿಯಾಗುತ್ತದೆ. ದೂರದ ಊರಿನವರಿಗೆ ಸಮಯ ಕಾದಿರಿಸುವ ಏರ್ಪಾಡು ಮಾಡಿದರೆ ಒಳ್ಳೆಯದು. ಶುಲ್ಕ ಮಕ್ಕಳ ವೈದ್ಯರದಕ್ಕಿಂತ ಹೆಚ್ಚೇನಿಲ್ಲ, ಆದರೆ ನಮ್ಮ ಆರೋಗ್ಯ ವಿಮೆಯವರು ಪಥ್ಯಾಹಾರ ಸಲಹೆಯನ್ನು ಚಿಕಿತ್ಸೆಯೆಂದು ಪರಿಗಣಿಸಲಿಲ್ಲ. ಪಥ್ಯವೇ ಏಕೈಕ ಚಿಕಿತ್ಸೆಯಾಗಿರುವ ಕಾಯಿಲೆಯಲ್ಲಿ ಇದು ಅನ್ಯಾಯವೆಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ.

ಶಾಲೆಗೆ ಕೊಡಲು ಒಂದು ಪತ್ರ ಬೇಕೆಂದು ಕೇಳಿದಾಗ ಮೊದಲು ಕಾಯಿಲೆಯ ಹೆಸರಷ್ಟೇ ಇರುವ ಪ್ರಮಾಣಪತ್ರ ಬಂತು. ಬಿಸಿಯೂಟದ ಅಡುಗೆಯವರಿಗೂ ಶಿಕ್ಷಕರಿಗೂ ಅದರಿಂದ ಪ್ರಯೋಜನವಿಲ್ಲ ಎಂದು ವಿವರಿಸಿದ ಮೇಲೆ, ಯಾವ ದಿನದ ಊಟ ಕೊಡಬಹುದು, ಯಾವುದು ಕೊಡಬಾರದು, ಗೆಳತಿಯರ ಡಬ್ಬಿಯಿಂದ ಹಂಚಿಕೊಳ್ಳುವುದನ್ನು ಹೇಗೆ ತಪ್ಪಿಸಬೇಕು ಎಂದು ಕನ್ನಡದಲ್ಲಿ ಬರೆದ ಪತ್ರ ಸಿಕ್ಕಿತು. ಅನ್ನ, ಮೊಟ್ಟೆ, ಬಾಳೆಹಣ್ಣು ಸರಿ. ಇಂಗು ಬಿದ್ದ ಸಾರು ಮತ್ತು ಗೋಧಿಯ ಅಡುಗೆ ಬೇಡ. ಶಿಕ್ಷಕರು ಆ ಪತ್ರವನ್ನು ಅಡುಗೆಕೋಣೆಯ ಗೋಡೆಗೆ ಅಂಟಿಸಿದ್ದಾರೆ. ನಾವು ಮಾತ್ರ ಸುರಕ್ಷತೆಗಾಗಿ ಹೆಚ್ಚಿನ ದಿನ ಮನೆಯ ಡಬ್ಬಿಯನ್ನೇ ಕಳುಹಿಸುತ್ತೇವೆ.

ಫಲಿತಾಂಶ ತಿಳಿಯದೆ ವಿಮರ್ಶೆ ಪೂರ್ತಿಯಾಗುವುದಿಲ್ಲ. ಪಥ್ಯ ಶುರುವಾದ ಕೆಲವೇ ವಾರಗಳಲ್ಲಿ ಭೇದಿ ನಿಂತಿತು, ಹಸಿವು ಮರಳಿತು. ಆರು ತಿಂಗಳಿಗೆ ಮಾಡಿಸಿದ ಪರೀಕ್ಷೆಯಲ್ಲಿ ಪ್ರತಿಕಾಯದ ಪ್ರಮಾಣ ಇಳಿಮುಖವಾಗಿತ್ತು, ವರ್ಷದ ಪರೀಕ್ಷೆಯಲ್ಲಿ ಇನ್ನೂ ಇಳಿದಿದೆ. ರಕ್ತದ ಪ್ರಮಾಣ ಸರಿಹೋಗಿದೆ, ಎತ್ತರದ ಗೆರೆ ಮತ್ತೆ ಮೇಲ್ಮುಖವಾಗಿದೆ. ಇದರಲ್ಲಿ ಮಗಳ ಸಹಕಾರವೂ ದೊಡ್ಡದು, ಏಕೆಂದರೆ ಆಹಾರ ತಜ್ಞೆ ಪ್ರತಿ ಭೇಟಿಯಲ್ಲೂ ನಮ್ಮನ್ನು ಬಿಟ್ಟು ಅವಳ ಜೊತೆಗೇ ಸ್ವಲ್ಪ ಹೊತ್ತು ಮಾತಾಡುತ್ತಾರೆ, ಯಾರಾದರೂ ಬಿಸ್ಕತ್ತು ಕೊಟ್ಟರೆ ಏನು ಹೇಳಬೇಕೆಂದು ಅವಳ ಬಾಯಿಂದಲೇ ಹೇಳಿಸುತ್ತಾರೆ.

ಹೋಗಬೇಕೆಂದಿರುವವರಿಗೆ ಮುಖ್ಯವಾದ ಎರಡು ಮಾತು. ಮಗುವಿಗೆ ಈ ಕಾಯಿಲೆಯ ಸಂದೇಹವಿದ್ದರೆ ರಕ್ತಪರೀಕ್ಷೆ ಮತ್ತು ಕರುಳಿನ ಪರೀಕ್ಷೆ ಮುಗಿಯುವವರೆಗೆ ನೀವಾಗಿಯೇ ಗೋಧಿ ನಿಲ್ಲಿಸಬೇಡಿ. ನಿಲ್ಲಿಸಿದರೆ ಪರೀಕ್ಷೆಯಲ್ಲಿ ಕಾಯಿಲೆ ಕಾಣದೆ ಹೋಗಬಹುದು. ಖಚಿತವಾದ ಮೇಲೆ ಒಡಹುಟ್ಟಿದವರ ಮತ್ತು ತಂದೆತಾಯಿಯ ರಕ್ತಪರೀಕ್ಷೆಯನ್ನೂ ಮಾಡಿಸಿ, ಏಕೆಂದರೆ ಹತ್ತಿರದ ರಕ್ತಸಂಬಂಧಿಗಳಲ್ಲಿ ಇದು ಉಳಿದವರಿಗಿಂತ ಹೆಚ್ಚಾಗಿ ಕಂಡುಬರುತ್ತದೆ. ಮೊದಲ ಭೇಟಿಗೆ ಹೋಗುವಾಗ ಲಸಿಕೆ ಕಾರ್ಡು, ಹಳೆಯ ವರದಿಗಳು, ಮನೆಯಲ್ಲಿ ಬಳಸುವ ಇಂಗು ಮತ್ತು ಮಸಾಲೆಯ ಪೊಟ್ಟಣಗಳು ಜೊತೆಗಿರಲಿ. ಸಾಧ್ಯವಾದರೆ ಮನೆಯಲ್ಲಿ ರೊಟ್ಟಿ ಬಡಿಯುವವರನ್ನೇ ಕರೆದುಕೊಂಡು ಹೋಗಿ. ಅಲ್ಲಿ ಕೇಳುವ ಹೆಚ್ಚಿನ ಪ್ರಶ್ನೆಗಳಿಗೆ ಉತ್ತರ ಗೊತ್ತಿರುವುದು ಅವರಿಗೇ.